ಹೆಂಡದ ಹಣವೂ ಊರಿನ ಹೊಣೆಯೂ: ಪಾನನಿರೋಧದ ಬೆಳಕಿನಲ್ಲಿ ರಾಜಾಜಿಯವರ ಬದುಕು

ಗಂಗಾವತಿ ತಾಲೂಕಿನ ಹೇಮಗುಡ್ಡವನ್ನು ಕನ್ನಡ ಸಂಶೋಧನೆ ಸಾಮಾನ್ಯವಾಗಿ ನೆನೆಯುವುದು ಕಂಪಿಲರಾಯ ಮತ್ತು ಗಂಡುಗಲಿ ಕುಮಾರರಾಮರ ಸಂದರ್ಭದಲ್ಲಿ. ಕುಮ್ಮಟದುರ್ಗ, ಹೇಮಗುಡ್ಡ, ಆನೆಗೊಂದಿಗಳನ್ನೊಳಗೊಂಡ ಈ ಸೀಮೆ 14ನೆಯ ಶತಮಾನದ ಆರಂಭದಲ್ಲಿ ದೊಡ್ಡ ಪ್ರಭುತ್ವಗಳ ನಡುವಿನ ಗಡಿನಾಡಾಗಿತ್ತು. 20ನೆಯ ಶತಮಾನದ ನಡುಭಾಗದಲ್ಲಿಯೂ ಅದು ಗಡಿನಾಡಾಗಿಯೇ ಉಳಿದಿತ್ತು. ತುಂಗಭದ್ರೆಯ ಉತ್ತರಕ್ಕಿದ್ದ ಕೊಪ್ಪಳ, ಗಂಗಾವತಿ, ಕುಷ್ಟಗಿ, ಯಲಬುರ್ಗಾಗಳು ನಿಜಾಮರ ಹೈದರಾಬಾದ್ ಸಂಸ್ಥಾನಕ್ಕೆ ಸೇರಿದ್ದವು. ಹೊಳೆಯ ಆಚೆಗಿನ ಹೊಸಪೇಟೆ, ಹಂಪಿ, ಬಳ್ಳಾರಿಗಳು ಮದ್ರಾಸ್ ಪ್ರಾಂತಕ್ಕೆ ಸೇರಿದ್ದವು. ಪಡುವಣದ ಗದಗ ಸೀಮೆ ಮುಂಬಯಿ ಪ್ರಾಂತದಲ್ಲಿತ್ತು.

ಈ ಗಡಿ ಆಡಳಿತದ ಗಡಿ ಮಾತ್ರವಾಗಿರಲಿಲ್ಲ. 1948ರ ಸೆಪ್ಟೆಂಬರ್ ತಿಂಗಳಲ್ಲಿ ಹೈದರಾಬಾದ್ ಸಂಸ್ಥಾನ ಭಾರತದ ಒಕ್ಕೂಟದ ಹಿಡಿತಕ್ಕೆ ಬಂತು. ಅದಾಗಿ ಎರಡು ವಾರ ಕಳೆಯುವಷ್ಟರಲ್ಲಿ, ಅಕ್ಟೋಬರ್ 2ರಂದು, ಮದ್ರಾಸ್ ಪ್ರಾಂತದಾದ್ಯಂತ ಪಾನನಿರೋಧ ಜಾರಿಯಾಯಿತು. ಮುಂಬಯಿ ಪ್ರಾಂತವೂ 1949ರಲ್ಲಿ ಪಾನನಿರೋಧ ಕಾಯಿದೆಯನ್ನು ರೂಪಿಸಿತು. ಹೊಳೆಯ ದಕ್ಷಿಣ ದಡದಲ್ಲಿ ಈಚಲು ಮರಕ್ಕೆ ಗಡಿಗೆ ಕಟ್ಟುವುದು ಅಪರಾಧವಾದಾಗ ಉತ್ತರ ದಡಕ್ಕೆ ಆ ಕಾಯಿದೆ ಅನ್ವಯಿಸುತ್ತಿರಲಿಲ್ಲ. ಎರಡು ನೀತಿಗಳ ನಡುವಿನ ಅಂತರ ಒಂದು ಹರಿಗೋಲಿನ ಪಯಣದಷ್ಟು ಮಾತ್ರವಾಗಿತ್ತು.

ದಕ್ಷಿಣ ದಡದ ಈ ನೀತಿಯ ಬೇರುಗಳನ್ನು ಹುಡುಕುತ್ತ ಹೋದರೆ ಎದುರಾಗುವ ವ್ಯಕ್ತಿತ್ವ ಚಕ್ರವರ್ತಿ ರಾಜಗೋಪಾಲಾಚಾರಿ ಅವರದು. ಭಾರತದ ಕೊನೆಯ ಗವರ್ನರ್ ಜನರಲ್ ಎಂದು, ರಾಮಾಯಣ ಮಹಾಭಾರತಗಳ ಸರಳ ನಿರೂಪಕರೆಂದು, ಸ್ವತಂತ್ರ ಪಕ್ಷದ ಸ್ಥಾಪಕರೆಂದು ರಾಜಾಜಿ ಪರಿಚಿತರು. ಅವರ ದೀರ್ಘ ಸಾರ್ವಜನಿಕ ಬದುಕಿನಲ್ಲಿ ಅನೇಕ ನಿಲುವುಗಳು ಬದಲಾದವು. ಬದಲಾಗದೆ ಉಳಿದ ಕೆಲವೇ ನಿಲುವುಗಳಲ್ಲಿ ಪಾನವಿರೋಧವೂ ಒಂದು. ಕುಡಿತವನ್ನು ತಡೆಯಬೇಕೆಂದು ಹೇಳಿದವರು ಅವರ ಕಾಲದಲ್ಲಿ ಬಹಳ ಜನ ಇದ್ದರು. ತಡೆಯುವ ಕೆಲಸಕ್ಕೆ ಹಣ ಎಲ್ಲಿಂದ ಬರಬೇಕೆಂಬ ಪ್ರಶ್ನೆಯನ್ನು ಆಡಳಿತದ ಕುರ್ಚಿಯಲ್ಲಿ ಕುಳಿತು ಎದುರಿಸಿದವರು ವಿರಳ. ರಾಜಾಜಿಯವರ ಬದುಕನ್ನು ಈ ಪ್ರಶ್ನೆಯ ಮೂಲಕ ನೋಡಿದಾಗ ಅವರ ಸಾಧನೆಯ ಜೊತೆಗೆ ಅದರೊಳಗಿನ ಬಿರುಕೂ ಕಾಣಿಸುತ್ತದೆ.

1. ತೊರಪಳ್ಳಿಯಿಂದ ಸೇಲಂಗೆ

ರಾಜಗೋಪಾಲಾಚಾರಿಯವರು ಹುಟ್ಟಿದ್ದು 1878ರ ಡಿಸೆಂಬರ್ 10ರಂದು, ಅಂದಿನ ಸೇಲಂ ಜಿಲ್ಲೆಯ ಹೊಸೂರು ತಾಲೂಕಿನ ತೊರಪಳ್ಳಿಯಲ್ಲಿ. ತಂದೆ ಚಕ್ರವರ್ತಿ ವೆಂಕಟಾರ್ಯ ಅಯ್ಯಂಗಾರರು ಆ ಊರಿನ ಮುನ್ಸೀಫರಾಗಿದ್ದರು. ಹೊಸೂರು ತಾಲೂಕು ಕನ್ನಡ, ತೆಲುಗು, ತಮಿಳು ಮೂರೂ ಬೆರೆತ ನೆಲ. ಮೈಸೂರು ಸಂಸ್ಥಾನದ ಆನೇಕಲ್ಲಿಗೆ ಅಂಟಿಕೊಂಡ ಸೀಮೆ. ಹೊಸೂರಿನಲ್ಲಿ ಮೊದಲ ಓದನ್ನು ಮುಗಿಸಿದ ರಾಜಾಜಿ ಬೆಂಗಳೂರಿಗೆ ಬಂದು ಸೆಂಟ್ರಲ್ ಕಾಲೇಜಿನಲ್ಲಿ 1894ರಲ್ಲಿ ಪದವಿ ಪಡೆದರು. ಅಲ್ಲಿ ಪ್ರಾಧ್ಯಾಪಕರಾಗಿದ್ದ ಜಾನ್ ಗುತ್ರೀ ಟೇಟ್ ಅವರ ಪ್ರಭಾವ ಅವರ ಮೇಲೆ ಆಯಿತು. ಮುಂದೆ ಕನ್ನಡದಲ್ಲಿ 'ಕೆಲವು ನೆನಪುಗಳು' ಕೃತಿಯನ್ನು ಬರೆದ ನವರತ್ನ ರಾಮರಾಯರು ಅಲ್ಲಿಯೇ ಅವರ ಗೆಳೆಯರಾದರು. ಒಬ್ಬರು ಮೈಸೂರು ಸಂಸ್ಥಾನದ ಅಧಿಕಾರಿಯಾಗಿ, ಇನ್ನೊಬ್ಬರು ಬ್ರಿಟಿಷ್ ಆಳ್ವಿಕೆಯ ವಿರೋಧಿಯಾಗಿ ಬೇರೆ ಬೇರೆ ದಾರಿ ಹಿಡಿದರೂ ಈ ಗೆಳೆತನ ಕೊನೆಯವರೆಗೂ ಉಳಿಯಿತು.

ಮದ್ರಾಸಿನಲ್ಲಿ ಕಾನೂನು ಓದಿದ ರಾಜಾಜಿ 1900ರಲ್ಲಿ ಸೇಲಂನಲ್ಲಿ ವಕೀಲಿಯನ್ನು ಆರಂಭಿಸಿದರು. ವೃತ್ತಿ ಬೇಗನೆ ಕೈಹಿಡಿಯಿತು. ಅಪರಾಧ ಪ್ರಕರಣಗಳ ವಕೀಲರಾಗಿ ಕೆಳಗಿನ ವರ್ಗಗಳ ಬದುಕನ್ನು ಅವರು ಹತ್ತಿರದಿಂದ ಕಂಡರು. ಪತ್ನಿ ಅಲಮೇಲು ಮಂಗಮ್ಮ ಐದು ಮಕ್ಕಳನ್ನು ಬಿಟ್ಟು ಎಳೆಯ ವಯಸ್ಸಿನಲ್ಲಿಯೇ ತೀರಿಕೊಂಡರು, ರಾಜಾಜಿ ಮರುಮದುವೆಯಾಗಲಿಲ್ಲ. 1917ರಲ್ಲಿ ಸೇಲಂ ಪುರಸಭೆಯ ಅಧ್ಯಕ್ಷರಾದರು. ತೆರಿಗೆ ಎತ್ತುವುದು, ಅದನ್ನು ಊರಿನ ನೀರಿಗೂ ಬೀದಿಗೂ ಹಂಚುವುದು ಹೇಗೆಂಬುದನ್ನು ಅವರು ಕಲಿತದ್ದು ಈ ಎರಡು ವರ್ಷಗಳಲ್ಲಿ. ಆದರ್ಶಕ್ಕೊಂದು ಲೆಕ್ಕಪುಸ್ತಕ ಬೇಕೆಂಬ ಅವರ ಸ್ವಭಾವ ರೂಪುಗೊಂಡದ್ದೂ ಇಲ್ಲಿಯೇ. 1919ರ ರೌಲತ್ ಕಾಯಿದೆಯ ವಿರೋಧದಲ್ಲಿ ಗಾಂಧೀಜಿಯವರ ಸಂಗಡ ನಿಂತರು. ವಕೀಲಿಯನ್ನು ತೊರೆದರು. 1921ರ ಡಿಸೆಂಬರ್‌ನಲ್ಲಿ ವೆಲ್ಲೂರಿನ ಸೆರೆಮನೆಗೆ ಹೋದರು.

2. ಹೆಂಡದ ಆದಾಯ ಮತ್ತು ಶಾಲೆಯ ಖರ್ಚು

ರಾಜಾಜಿಯವರು ಎದುರಿಸಬೇಕಾಗಿದ್ದ ವ್ಯವಸ್ಥೆಯ ಸ್ವರೂಪವನ್ನು ಗಮನಿಸದೆ ಅವರ ಪಾನವಿರೋಧ ಅರ್ಥವಾಗುವುದಿಲ್ಲ. ವಸಾಹತು ಆಡಳಿತದ ಮದ್ರಾಸಿನಲ್ಲಿ ಹೆಂಡ ಇಳಿಸುವ ಮರಗಳ ಮೇಲೆ ತೆರಿಗೆಯಿತ್ತು. ಅದರ ಮೇಲೆ ಅಂಗಡಿಗಳ ಹರಾಜು ನಡೆಯುತ್ತಿತ್ತು. ಹೆಚ್ಚಿನ ಬೆಲೆಗೆ ಅಂಗಡಿ ಹಿಡಿದ ಗುತ್ತಿಗೆದಾರನು ಆ ಹಣವನ್ನು ವರ್ಷದೊಳಗೆ ಹಿಂದಕ್ಕೆ ಪಡೆಯಬೇಕಿದ್ದರೆ ಹೆಚ್ಚು ಜನರಿಗೆ ಹೆಚ್ಚು ಕುಡಿಸಲೇಬೇಕಿತ್ತು. ಹರಾಜಿನ ಮೊತ್ತ ಏರಿದಂತೆ ಸರಕಾರದ ಆದಾಯ ಏರುತ್ತಿತ್ತು, ಊರಿನ ಕುಡಿತವೂ ಏರುತ್ತಿತ್ತು. ಪ್ರಾಂತದ ಒಟ್ಟು ಆದಾಯದಲ್ಲಿ ಅಬಕಾರಿಯ ಪಾಲು ಸುಮಾರು ನಾಲ್ಕನೆಯ ಒಂದು ಭಾಗದಷ್ಟಿತ್ತು.

1919ರ ಸುಧಾರಣೆಗಳು ಈ ಗಂಟನ್ನು ಇನ್ನಷ್ಟು ಬಿಗಿದವು. ದ್ವಿಮುಖ ಆಡಳಿತದಲ್ಲಿ ಭಾರತೀಯ ಮಂತ್ರಿಗಳಿಗೆ ವರ್ಗಾವಣೆಯಾದ ಇಲಾಖೆಗಳಲ್ಲಿ ಶಿಕ್ಷಣ, ಆರೋಗ್ಯಗಳ ಜೊತೆಗೆ ಅಬಕಾರಿಯೂ ಇತ್ತು. ಶಾಲೆ ತೆರೆಯಬೇಕಾದ ಮಂತ್ರಿಮಂಡಲ ಹೆಂಡದಂಗಡಿಯ ಆದಾಯವನ್ನು ನೆಚ್ಚಬೇಕಾಯಿತು. ಮಗನನ್ನು ಶಾಲೆಗೆ ಕಳಿಸುವ ಖರ್ಚು ತಂದೆಯ ಕುಡಿತದಿಂದ ಹುಟ್ಟುವ ವಿಚಿತ್ರ ಸನ್ನಿವೇಶವಿದು. ಪಾನನಿರೋಧದ ಮಾತೆತ್ತಿದವರಿಗೆಲ್ಲ ಆಡಳಿತ ಕೊಡುತ್ತಿದ್ದ ಉತ್ತರ ಒಂದೇ ಆಗಿತ್ತು: ಅಂಗಡಿ ಮುಚ್ಚಿದರೆ ಶಾಲೆಯೂ ಮುಚ್ಚಬೇಕಾಗುತ್ತದೆ. ರಾಜಾಜಿಯವರ ಮುಂದಿನ ಇಡೀ ಪ್ರಯತ್ನವನ್ನು ಈ ಉತ್ತರಕ್ಕೆ ಕೊಟ್ಟ ಮರುಉತ್ತರವೆಂದು ಓದಬಹುದು.

3. ಆಶ್ರಮದ ದಿನಗಳು

1925ರ ಫೆಬ್ರುವರಿಯಲ್ಲಿ ತಿರುಚೆಂಗೋಡಿನ ಹತ್ತಿರದ ಪುದುಪಾಳಯಂ ಎಂಬ ಹಳ್ಳಿಯಲ್ಲಿ ರಾಜಾಜಿ ಗಾಂಧಿ ಆಶ್ರಮವನ್ನು ಆರಂಭಿಸಿದರು. ಸ್ಥಳೀಯ ಜಮೀನುದಾರರೊಬ್ಬರು ನೆಲ ಕೊಟ್ಟರು. ಮಳೆ ಕಡಿಮೆ ಬೀಳುವ, ಬರ ಬಾಧಿಸುವ ಸೀಮೆಯದು. ನೂಲುವವರಿಗೆ ಹತ್ತಿ ಕೊಟ್ಟು, ನೂಲು ಕೊಂಡು, ಖಾದಿ ನೇಯಿಸುವುದು ಆಶ್ರಮದ ಮುಖ್ಯ ಕೆಲಸ. ಔಷಧಿ ಕೊಡುವುದು, ಅಸ್ಪೃಶ್ಯತೆಯ ವಿರುದ್ಧ ದುಡಿಯುವುದು, ಕುಡಿತ ಬಿಡಿಸುವುದು ಇವೆಲ್ಲ ಅದರೊಡನೆ ಹೆಣೆದುಕೊಂಡವು. ನಗರದಲ್ಲಿ ಹೆಸರು, ಹಣ ಎರಡನ್ನೂ ಗಳಿಸಿದ್ದ ವಕೀಲರು ಮಕ್ಕಳೊಡನೆ ಗುಡಿಸಿಲಿನಲ್ಲಿ ನೆಲೆಸಿದರು.

ಆಶ್ರಮದ ಪಾನವಿರೋಧಿ ಕೆಲಸದಲ್ಲಿ ಮುಖ್ಯವಾದ ಅಂಶವೆಂದರೆ ಅದು ಕುಟುಂಬದ ಗಳಿಕೆಯೊಂದಿಗೆ ಸಂಬಂಧ ಪಡೆದಿದ್ದುದು. ರಾಟೆಯಿಂದ ಹೆಂಗಸಿನ ಕೈಗೆ ಬರುವ ಕೆಲವು ಕಾಸು, ಗಂಡಸಿನ ಕೈಯಿಂದ ಹೆಂಡದಂಗಡಿಗೆ ಹೋಗುವ ಕೆಲವು ಕಾಸು ಇವೆರಡರ ಲೆಕ್ಕವನ್ನು ಜೊತೆಗಿಟ್ಟು ತೋರಿಸುವುದು ಅಲ್ಲಿ ಸಾಧ್ಯವಿತ್ತು. ಕೂಲಿ ಸಿಕ್ಕ ಸಂಜೆಯೇ ಕೂಲಿ ಕರಗುವ ಊರಿನಲ್ಲಿ ನೀತಿಯ ಉಪದೇಶಕ್ಕಿಂತ ಈ ಲೆಕ್ಕ ಹೆಚ್ಚು ನಾಟುವಂಥದು. ಕೆಲಸಗಾರರು ಆ ಹಳ್ಳಿಗಳ ನಡುವೆಯೇ ಬಾಳುತ್ತಿದ್ದುದರಿಂದ ಕುಡಿತ ಬಿಟ್ಟವನು ಮತ್ತೆ ಜಾರಿದರೆ ಅದನ್ನು ಗಮನಿಸುವ ಕಣ್ಣುಗಳೂ ಹತ್ತಿರದಲ್ಲಿಯೇ ಇರುತ್ತಿದ್ದವು. ಹಣ ಅಲ್ಪವಾಗಿತ್ತು, ದಾನಿಗಳಿಂದ, ಖಾದಿಯ ವಹಿವಾಟಿನಿಂದ ಹೊಂದಿಸಿದ್ದು. ಆದರೆ ಅದರಲ್ಲಿ ಹೆಂಡದ ಕಾಸು ಬೆರೆತಿರಲಿಲ್ಲ.

ಇದೇ ಆಶ್ರಮದಿಂದ 1929ರಲ್ಲಿ 'ವಿಮೋಚನಂ' ಎಂಬ ತಮಿಳು ಮಾಸಪತ್ರಿಕೆ ಹೊರಟಿತು. ಪಾನವಿರೋಧವನ್ನೇ ವಸ್ತುವಾಗಿಟ್ಟುಕೊಂಡ ಈ ಪತ್ರಿಕೆಗೆ ರಾಜಾಜಿ ಸಂಪಾದಕರು. ಮುಂದೆ ತಮಿಳಿನ ಜನಪ್ರಿಯ ಕಾದಂಬರಿಕಾರರಾದ ಕಲ್ಕಿ ಕೃಷ್ಣಮೂರ್ತಿ ಅವರಿಗೆ ಸಹಾಯಕರು. ಕಥೆ, ಚಿತ್ರ, ಹಾಡುಗಳ ಮೂಲಕ ಓದು ಬಲ್ಲವರನ್ನೂ ಓದು ಬಾರದವರನ್ನೂ ತಲುಪುವುದು ಅದರ ಹಂಬಲ. ಇಂಥ ಪತ್ರಿಕೆಯ ನಿಜವಾದ ಗುರಿ ಚಟಕ್ಕೆ ಬಿದ್ದ ಮುದುಕನಿಗಿಂತ ಇನ್ನೂ ಅಂಗಡಿಯ ಮೆಟ್ಟಿಲು ಹತ್ತದ ಹುಡುಗ. ಕುಡಿತ ಊರಿನ ಹಬ್ಬ, ಮದುವೆ, ಸಾವುಗಳ ಆಚರಣೆಯಲ್ಲಿ ಬೆರೆತಿರುವಲ್ಲಿ ಮಕ್ಕಳು ಅದನ್ನು ದೊಡ್ಡವರಿಂದಲೇ ಕಲಿಯುತ್ತಾರೆ. ಕಲಿಯದಂತೆ ಮಾಡಲು ದಂಡನೆಗಿಂತ ಬೇರೆಯ ಸಂಗ ಬೇಕು. ಆಶ್ರಮದ ವರ್ಷಗಳಲ್ಲಿ ಅಂಥ ಸಂಗವನ್ನು ಕಟ್ಟುವ ಕೆಲಸ ನಡೆಯಿತು.

ಈ ನಡುವೆ ಕರ್ನಾಟಕದೊಂದಿಗಿನ ನಂಟೂ ಮುಂದುವರಿಯಿತು. 1927ರ ಬೇಸಿಗೆಯಲ್ಲಿ ಕಾಯಿಲೆಯಿಂದ ಬಳಲಿದ ಗಾಂಧೀಜಿ ನಂದಿಬೆಟ್ಟದಲ್ಲಿಯೂ ಬೆಂಗಳೂರಿನಲ್ಲಿಯೂ ವಿಶ್ರಾಂತಿ ಪಡೆದಾಗ ರಾಜಾಜಿ ಅವರ ಬಳಿಯಿದ್ದು ಆರೈಕೆಯ ಏರ್ಪಾಡುಗಳನ್ನು ನೋಡಿಕೊಂಡರು. 1930ರಲ್ಲಿ ಗಾಂಧೀಜಿ ವೈಸರಾಯರ ಮುಂದಿಟ್ಟ 11 ಬೇಡಿಕೆಗಳಲ್ಲಿ ಸಂಪೂರ್ಣ ಪಾನನಿರೋಧವೂ ಸೇರಿತ್ತು. ಆ ವರ್ಷದ ಏಪ್ರಿಲ್‌ನಲ್ಲಿ ರಾಜಾಜಿ ತಿರುಚಿರಾಪಳ್ಳಿಯಿಂದ ವೇದಾರಣ್ಯಕ್ಕೆ ಉಪ್ಪಿನ ಯಾತ್ರೆ ನಡೆಸಿ ಸೆರೆಯಾದರು. 1931ರ ಗಾಂಧಿ-ಇರ್ವಿನ್ ಒಪ್ಪಂದ ಮದ್ಯದಂಗಡಿಗಳ ಮುಂದೆ ಶಾಂತಿಯುತವಾಗಿ ನಿಂತು ಜನರನ್ನು ತಡೆಯುವುದಕ್ಕೆ ಎಡೆಮಾಡಿಕೊಟ್ಟಿತು. ಮದ್ರಾಸ್ ಪ್ರಾಂತದಲ್ಲಿ ಆ ಚಳವಳಿಯ ಮುಂದಾಳತ್ವವನ್ನು ರಾಜಾಜಿ ವಹಿಸಿದರು.

4. ಸೇಲಂ ಪ್ರಯೋಗ

1937ರ ಜುಲೈಯಲ್ಲಿ ಕಾಂಗ್ರೆಸ್ ಮಂತ್ರಿಮಂಡಲ ಮದ್ರಾಸಿನಲ್ಲಿ ಅಧಿಕಾರಕ್ಕೆ ಬಂದು ರಾಜಾಜಿ ಪ್ರಧಾನಿಯಾದರು. ಪ್ರಾಂತದ ಮುಖ್ಯಸ್ಥನನ್ನು ಆಗ ಹಾಗೆ ಕರೆಯುತ್ತಿದ್ದರು. ಮೂರು ತಿಂಗಳೊಳಗೆ ಮದ್ರಾಸ್ ಪಾನನಿರೋಧ ಕಾಯಿದೆ ಸಿದ್ಧವಾಗಿ, 1937ರ ಅಕ್ಟೋಬರ್ 1ರಂದು ಸೇಲಂ ಜಿಲ್ಲೆಯಲ್ಲಿ ಜಾರಿಗೆ ಬಂತು. ಸುಮಾರು 24 ಲಕ್ಷ ಜನರ ಆ ಜಿಲ್ಲೆಯಲ್ಲಿ ಮದ್ಯದ ತಯಾರಿಕೆ, ಮಾರಾಟ, ಸೇವನೆಗಳು ನಿಷಿದ್ಧವಾದವು. ತಮ್ಮ ಹುಟ್ಟೂರು, ತಮ್ಮ ವಕೀಲಿಯ ಊರು, ತಮ್ಮ ಆಶ್ರಮ ಮೂರೂ ಇದ್ದ ಜಿಲ್ಲೆಯನ್ನೇ ಅವರು ಆಯ್ದುಕೊಂಡದ್ದು ಗಮನಾರ್ಹ. ಹನ್ನೆರಡು ವರ್ಷಗಳ ಆಶ್ರಮದ ಕೆಲಸ ಅಲ್ಲಿ ನೆಲವನ್ನು ಹದಗೊಳಿಸಿತ್ತು.

ಜಾರಿಯ ಹೊಣೆ ಬಿದ್ದದ್ದು ಬ್ರಿಟಿಷ್ ಜಿಲ್ಲಾಧಿಕಾರಿ ಎ. ಎಫ್. ಡಬ್ಲ್ಯು. ಡಿಕ್ಸನ್ ಅವರ ಮೇಲೆ. ಅವರು ಅದನ್ನು ನಿಷ್ಠೆಯಿಂದ ನಡೆಸಿದರು. ಕಾಯಿದೆಯ ಬೆನ್ನಿಗೆ ಊರ ಮಟ್ಟದ ಕೆಲಸವೂ ನಡೆಯಿತು. ಸಂಜೆಯ ಹೊತ್ತು ಅಂಗಡಿಗೆ ಹೋಗುತ್ತಿದ್ದವರಿಗೆ ಬೇರೆಯ ಕೂಡುತಾಣವಾಗಿ ಭಜನೆ, ಆಟೋಟಗಳನ್ನು ಪ್ರೋತ್ಸಾಹಿಸಲಾಯಿತು. ಉಳಿತಾಯದ ಅಭ್ಯಾಸವನ್ನು ಬೆಳೆಸಲು ಯತ್ನಿಸಲಾಯಿತು. ಮರ ಹತ್ತುವ ಕಸುಬಿನವರಿಗೆ ಸಿಹಿಯಾದ ನೀರಾ ಇಳಿಸಿ ಬೆಲ್ಲ ಕಾಯಿಸಲು ಪರವಾನಗಿ ಕೊಡಲಾಯಿತು. ವಿಶ್ವವಿದ್ಯಾನಿಲಯಗಳ ಅರ್ಥಶಾಸ್ತ್ರಜ್ಞರು ಸೇಲಂನ ಮನೆಗಳ ಆಯವ್ಯಯವನ್ನು ಅಭ್ಯಸಿಸಿದರು. 1938ರಲ್ಲಿ ಚಿತ್ತೂರು ಮತ್ತು ಕಡಪ, 1939ರಲ್ಲಿ ಉತ್ತರ ಆರ್ಕಾಟು ಜಿಲ್ಲೆಗಳಿಗೆ ಕಾಯಿದೆ ವಿಸ್ತರಿಸಿತು.

ಸೇಲಂ ಪ್ರಯೋಗ ಆರಂಭವಾದ ಮೂರು ವಾರಗಳಲ್ಲಿ, 1937ರ ಅಕ್ಟೋಬರ್ 22 ಮತ್ತು 23ರಂದು, ವಾರ್ಧಾದಲ್ಲಿ ಗಾಂಧೀಜಿಯವರ ಮುಂದಾಳತ್ವದ ಶಿಕ್ಷಣ ಸಮ್ಮೇಳನ ಸೇರಿತು. ಮೂಲಶಿಕ್ಷಣವು ಕೈಕಸುಬಿನಿಂದ ತನ್ನ ಖರ್ಚನ್ನು ತಾನೇ ಭರಿಸಿಕೊಳ್ಳಬೇಕೆಂಬ ವಿಚಾರ ಅಲ್ಲಿ ಮಂಡಿತವಾಯಿತು. ಈ ಎರಡು ಘಟನೆಗಳನ್ನು ಬೇರೆಬೇರೆಯಾಗಿ ಓದುವುದು ವಾಡಿಕೆ. ಆದರೆ ಹೆಂಡದ ಆದಾಯದಿಂದ ಶಾಲೆಯನ್ನು ಬಿಡಿಸುವ ಚಿಂತೆ ಎರಡರಲ್ಲಿಯೂ ಇದೆ. ಗಾಂಧೀಜಿ ಶಾಲೆಯ ಖರ್ಚನ್ನು ಇಳಿಸುವ ದಾರಿ ಹುಡುಕಿದರು. ರಾಜಾಜಿ ಹೊಸ ಆದಾಯದ ದಾರಿ ಹುಡುಕಿದರು.

5. ನೂರಕ್ಕೆ ಎಂಟಾಣೆ

ಆ ದಾರಿ 1939ರ ಮದ್ರಾಸ್ ಸಾಮಾನ್ಯ ಮಾರಾಟ ತೆರಿಗೆ ಕಾಯಿದೆ. ಸಣ್ಣ ವ್ಯಾಪಾರಿಗಳನ್ನು ಹೊರಗಿಟ್ಟು, ದೊಡ್ಡ ವಹಿವಾಟಿನ ಮೇಲೆ ನೂರು ರೂಪಾಯಿಗೆ ಎಂಟಾಣೆಯಂತೆ ತೆರಿಗೆ ವಿಧಿಸುವ ಕ್ರಮವದು. ಭಾರತದಲ್ಲಿ ಎಲ್ಲ ಬಗೆಯ ಸರಕುಗಳನ್ನೂ ಒಳಗೊಂಡ ಮಾರಾಟ ತೆರಿಗೆಗೆ ಇದೇ ಮೊದಲ ಮಾದರಿ. ಅದೇ ವರ್ಷ ಮನರಂಜನೆಯ ಮೇಲೆಯೂ ತಂಬಾಕಿನ ಮಾರಾಟದ ಮೇಲೆಯೂ ತೆರಿಗೆ ಕಾಯಿದೆಗಳು ಬಂದವು. ವ್ಯಾಪಾರಿಗಳು ತೀವ್ರವಾಗಿ ವಿರೋಧಿಸಿದರು. ರಾಜಾಜಿ ಕದಲಲಿಲ್ಲ. ಕುಡಿಯುವ ಬಡವನೊಬ್ಬನೇ ಹೊರುತ್ತಿದ್ದ ಭಾರವನ್ನು ಕೊಳ್ಳುವ ಶಕ್ತಿಯುಳ್ಳ ಎಲ್ಲರ ಮೇಲೆ ತೆಳುವಾಗಿ ಹರಡುವುದೇ ಇದರ ತತ್ವ. ಊರಿನ ಚಟವನ್ನು ತಡೆಯುವ ಖರ್ಚನ್ನು ಇಡೀ ಸಮಾಜ ಹೊರಬೇಕೆಂಬ ವಿಚಾರ ಇಲ್ಲಿ ಮೊದಲ ಬಾರಿಗೆ ಕಾನೂನಿನ ರೂಪ ಪಡೆಯಿತು.

ಈ ಯೋಜನೆಯ ದೌರ್ಬಲ್ಯವೂ ಇಲ್ಲಿಯೇ ಇದೆ. ಮಾರಾಟ ತೆರಿಗೆಯ ಹಣ ಪ್ರಾಂತದ ಸಾಮಾನ್ಯ ಬೊಕ್ಕಸಕ್ಕೆ ಸೇರುವಂಥದು. ಪಾನನಿರೋಧಕ್ಕೆಂದು, ಕಸುಬು ಕಳೆದುಕೊಂಡವರ ಪುನರ್ವಸತಿಗೆಂದು, ಊರಿನ ಭಜನಮಂಡಳಿಗೆಂದು ಅದರಲ್ಲಿ ಪ್ರತ್ಯೇಕ ಪಾಲನ್ನು ಕಾಯಿದೆ ಕಟ್ಟಿಡಲಿಲ್ಲ. ಯುರೋಪಿನಲ್ಲಿ ಯುದ್ಧ ಆರಂಭವಾಗಿ, ಭಾರತವನ್ನು ಕೇಳದೆ ಅದರಲ್ಲಿ ಸೇರಿಸಿದ್ದನ್ನು ಪ್ರತಿಭಟಿಸಿ, 1939ರ ಅಕ್ಟೋಬರ್ ಕೊನೆಯಲ್ಲಿ ರಾಜಾಜಿ ಮಂತ್ರಿಮಂಡಲ ರಾಜೀನಾಮೆ ಕೊಟ್ಟಿತು. ಅನಂತರ ಗವರ್ನರ್ ಮತ್ತು ಸಲಹೆಗಾರರ ಆಡಳಿತ ಬಂತು. ಯುದ್ಧ ಮುಗಿಯುವ ಮೊದಲೇ ಅದು ಪಾನನಿರೋಧವನ್ನು ಅಮಾನತಿನಲ್ಲಿಟ್ಟು ಅಂಗಡಿಗಳನ್ನು ಮತ್ತೆ ತೆರೆಯಿತು. ಮಾರಾಟ ತೆರಿಗೆ ಮಾತ್ರ ಉಳಿಯಿತು. ಅಬಕಾರಿಗೆ ಬದಲಾಗಿ ಹುಟ್ಟಿದ ತೆರಿಗೆ ಅಬಕಾರಿಯ ಜೊತೆಗೂಡಿ ಬೊಕ್ಕಸ ತುಂಬತೊಡಗಿತು. ಮುಂದಿನ ದಶಕಗಳಲ್ಲಿ ದೇಶದ ಬಹುತೇಕ ರಾಜ್ಯಗಳು ಈ ತೆರಿಗೆಯನ್ನು ಅಳವಡಿಸಿಕೊಂಡವು. ಅದು ಹುಟ್ಟಿದ ಕಾರಣವನ್ನು ಮರೆತವು.

6. ಗಡಿಯ ಪ್ರಶ್ನೆ

1946ರಲ್ಲಿ ಕಾಂಗ್ರೆಸ್ ಮತ್ತೆ ಅಧಿಕಾರಕ್ಕೆ ಬಂದ ಮೇಲೆ ಪಾನನಿರೋಧ ಹಂತಹಂತವಾಗಿ ಮರಳಿತು. ಓಮಂದೂರು ರಾಮಸ್ವಾಮಿ ರೆಡ್ಡಿಯಾರ್ ಅವರ ಕಾಲದಲ್ಲಿ, 1948ರ ಅಕ್ಟೋಬರ್ 2ಕ್ಕೆ, ಇಡೀ ಪ್ರಾಂತವನ್ನು ವ್ಯಾಪಿಸಿತು. ಕನ್ನಡದ ಎರಡು ಸೀಮೆಗಳಾದ ಬಳ್ಳಾರಿ ಮತ್ತು ಕಾಸರಗೋಡನ್ನೊಳಗೊಂಡ ದಕ್ಷಿಣ ಕನ್ನಡ ಜಿಲ್ಲೆಗಳು ಹೀಗೆ ಸೇಲಂ ಪ್ರಯೋಗದ ವಾರಸುದಾರರಾದವು. ರಾಜಾಜಿ ಆಗ ಗವರ್ನರ್ ಜನರಲ್ ಆಗಿ ದೆಹಲಿಯಲ್ಲಿದ್ದರು. 1952ರ ಏಪ್ರಿಲ್‌ನಲ್ಲಿ ಅವರು ಮದ್ರಾಸಿನ ಮುಖ್ಯಮಂತ್ರಿಯಾದರು. ಚುನಾವಣೆಗೆ ನಿಲ್ಲದೆ ನಾಮಕರಣದಿಂದ ವಿಧಾನ ಪರಿಷತ್ತನ್ನು ಸೇರಿ ಅಧಿಕಾರ ಹಿಡಿದದ್ದು ಟೀಕೆಗೆ ಒಳಗಾಯಿತು. 1953ರ ಅಕ್ಟೋಬರ್ 1ರಂದು ಬಳ್ಳಾರಿ ಜಿಲ್ಲೆಯ ಬಹುಭಾಗ ಮೈಸೂರಿಗೆ ಸೇರುವವರೆಗೆ ಹೊಸಪೇಟೆ, ಹಂಪಿಗಳು ಅವರ ಆಡಳಿತದಲ್ಲಿದ್ದವು.

ತುಂಗಭದ್ರೆಯ ಗಡಿಯ ಸಮಸ್ಯೆ ರಾಜಾಜಿಯವರಿಗೆ ಹೊಸದಾಗಿರಲಾರದು. 1937ರಲ್ಲಿಯೇ ಹೊಸೂರು ತಾಲೂಕು ಕಾಯಿದೆಯ ಒಳಗಿತ್ತು, ಪಕ್ಕದ ಆನೇಕಲ್ಲು ಹೊರಗಿತ್ತು. ಒಂದೇ ಭಾಷೆಯಾಡುವ, ಒಂದೇ ಸಂತೆಗೆ ಹೋಗುವ, ಹೆಣ್ಣು ಕೊಟ್ಟು ತರುವ ಊರುಗಳ ನಡುವೆ ಕಾಯಿದೆ ಗೆರೆ ಎಳೆದಿತ್ತು. ಪೊಲೀಸರ ಅಧಿಕಾರ ಗಡಿಯಲ್ಲಿ ನಿಲ್ಲುತ್ತದೆ, ನಂಟಸ್ತಿಕೆ ನಿಲ್ಲುವುದಿಲ್ಲ. ಆದ್ದರಿಂದ ಗಡಿಯಲ್ಲಿ ಪಾನನಿರೋಧ ಉಳಿಯಬೇಕಿದ್ದರೆ ನಂಟಸ್ತಿಕೆಯ ದಾರಿಯಲ್ಲಿಯೇ ಅದು ಸಾಗಬೇಕು. ಆಶ್ರಮದ ಮಾದರಿಗೆ ಆ ಶಕ್ತಿಯಿತ್ತು, ಕಾಯಿದೆಯ ಮಾದರಿಗೆ ಇರಲಿಲ್ಲ.

ಹೈದರಾಬಾದಿನ ಕಡೆ ಇದಕ್ಕೆ ಇನ್ನೊಂದು ಮುಖವಿತ್ತು. ಅಲ್ಲಿಯೂ ಸೇಂದಿಯ ಆದಾಯ ಸಂಸ್ಥಾನದ ಬೊಕ್ಕಸಕ್ಕೆ ದೊಡ್ಡ ಆಧಾರ. 1947-48ರ ವಿಮೋಚನಾ ಹೋರಾಟದಲ್ಲಿ ಸಿಂದಗಿಯಲ್ಲಿ ಹುಟ್ಟಿದ ಸ್ವಾಮಿ ರಾಮಾನಂದ ತೀರ್ಥರ ನೇತೃತ್ವದ ಸ್ಟೇಟ್ ಕಾಂಗ್ರೆಸ್ಸು ಸೇಂದಿ ಮರಗಳನ್ನು ಕಡಿಯುವುದನ್ನು ಒಂದು ಕಾರ್ಯಕ್ರಮವಾಗಿ ಕೈಗೊಂಡಿತ್ತು. ಮರ ಕಡಿದಲ್ಲಿ ನಿಜಾಮರ ಆದಾಯ ಕಡಿಯುತ್ತಿತ್ತು. ಆದರೆ ಅದು ಪ್ರಭುತ್ವದ ವಿರುದ್ಧದ ಪ್ರತಿಭಟನೆ. ಕಡಿದ ಮರದ ಜಾಗದಲ್ಲಿ ಏನನ್ನು ನೆಡಬೇಕು, ಮರ ಹತ್ತುವವನ ಸಂಸಾರವನ್ನು ಯಾರು ಸಲಹಬೇಕು ಎಂಬ ಪ್ರಶ್ನೆಗಳಿಗೆ ಹೋರಾಟದ ಬಿಸಿಯಲ್ಲಿ ಬಿಡುವಿರಲಿಲ್ಲ. ಹೊಳೆಯ ಒಂದು ದಡದಲ್ಲಿ ಬೊಕ್ಕಸವನ್ನು ಕೆಡವಲು ಮರ ಕಡಿದರು, ಇನ್ನೊಂದು ದಡದಲ್ಲಿ ಬೊಕ್ಕಸವನ್ನು ಉಳಿಸಿಕೊಂಡೇ ಮರವನ್ನು ನಿಷೇಧಿಸಿದರು. ಎರಡೂ ಕಡೆ ಕಡೆಗಣನೆಗೆ ಒಳಗಾದವನು ಮರ ಹತ್ತುವ ಕಸುಬಿನವನೇ.

7. ಟೀಕೆಗಳ ನಡುವೆ

ರಾಜಾಜಿಯವರ ಪಾನನಿರೋಧವನ್ನು ಕುರಿತ ಟೀಕೆಗಳಲ್ಲಿ ಕೆಲವು ಸ್ವಾರ್ಥದ್ದು, ಕೆಲವು ನ್ಯಾಯದ್ದು. ಗುತ್ತಿಗೆದಾರರ ವಿರೋಧ ಮೊದಲ ಬಗೆಯದು. ಎರಡನೆಯ ಬಗೆಯ ಟೀಕೆಗೆ ಆಧಾರಗಳಿವೆ. ಕಾಯಿದೆಯ ಪೆಟ್ಟು ಹೆಚ್ಚಾಗಿ ಬಿದ್ದದ್ದು ಕೂಲಿಗಳ, ದಲಿತರ, ಮರ ಇಳಿಸುವ ಜಾತಿಗಳ ಮೇಲೆ. ವಿದೇಶೀ ಮದ್ಯ ಕುಡಿಯುವ ಬಿಳಿಯರಿಗೂ ಅನುಕೂಲಸ್ಥರಿಗೂ ಪರವಾನಗಿಯ ಬಾಗಿಲು ತೆರೆದಿತ್ತು. ಕಾಯಿದೆ ವ್ಯಾಪಿಸಿದಂತೆ ಕಳ್ಳಬಟ್ಟಿಯೂ ವ್ಯಾಪಿಸಿತು. ಒಂದು ಜಿಲ್ಲೆಯಲ್ಲಿ ಹನ್ನೆರಡು ವರ್ಷಗಳ ಆಶ್ರಮದ ಕೆಲಸ ಕಾಯಿದೆಗೆ ಮುನ್ನ ನಡೆದಿತ್ತು. ಉಳಿದ ಜಿಲ್ಲೆಗಳಿಗೆ ಅಂಥ ಹಿನ್ನೆಲೆಯಿಲ್ಲದೆಯೇ ಕಾಯಿದೆ ಬಂತು. ಸೇಲಂನಲ್ಲಿ ಕಂಡ ಫಲ ಬೇರೆಡೆ ಕಾಣದಿದ್ದುದಕ್ಕೆ ಇದು ಮುಖ್ಯ ಕಾರಣವೆನ್ನಬಹುದು.

1953ರಲ್ಲಿ ರಾಜಾಜಿ ಜಾರಿಗೆ ತಂದ ಪ್ರಾಥಮಿಕ ಶಿಕ್ಷಣ ಯೋಜನೆ ಇನ್ನೂ ದೊಡ್ಡ ಬಿರುಗಾಳಿಯನ್ನು ಎಬ್ಬಿಸಿತು. ಮಕ್ಕಳು ದಿನದ ಒಂದು ಭಾಗ ಶಾಲೆಯಲ್ಲಿ ಓದಿ ಇನ್ನೊಂದು ಭಾಗ ಮನೆಯವರ ಕಸುಬಿನಲ್ಲಿ ತೊಡಗಬೇಕೆಂಬ ಈ ಯೋಜನೆಗೆ ಇದ್ದ ಹಣದಲ್ಲಿಯೇ ಹೆಚ್ಚು ಮಕ್ಕಳಿಗೆ ಕಲಿಸುವುದು ಒಂದು ಉದ್ದೇಶವಾಗಿತ್ತು. ದ್ರಾವಿಡ ಚಳವಳಿ ಇದನ್ನು ಕುಲಕಸುಬಿನ ಶಿಕ್ಷಣವೆಂದು, ಜಾತಿವ್ಯವಸ್ಥೆಯನ್ನು ಉಳಿಸುವ ಹಂಚಿಕೆಯೆಂದು ಕಟುವಾಗಿ ವಿರೋಧಿಸಿತು. 1954ರ ಏಪ್ರಿಲ್‌ನಲ್ಲಿ ರಾಜಾಜಿ ಅಧಿಕಾರ ಬಿಟ್ಟರು, ಯೋಜನೆಯೂ ರದ್ದಾಯಿತು. ಅಬಕಾರಿ ಆದಾಯವನ್ನು ತ್ಯಜಿಸಿದ ಪ್ರಭುತ್ವ ಬಡ ಮಕ್ಕಳ ಶಾಲೆಯ ಹೊತ್ತನ್ನು ಕಡಿಮೆ ಮಾಡಿದಾಗ, ಮೂವತ್ತು ವರ್ಷಗಳ ಹಿಂದಿನ ಹೆಂಡ-ಶಾಲೆಗಳ ಹಳೆಯ ಗಂಟು ಪೂರ್ತಿ ಬಿಚ್ಚಿರಲಿಲ್ಲವೆಂಬುದು ಸ್ಪಷ್ಟವಾಗುತ್ತದೆ. ಕುಡಿತ ತಪ್ಪಿಸಿ ಉಳಿಸಿದ ಮಗುವಿಗೆ ಅರೆಹೊತ್ತಿನ ಶಾಲೆಯನ್ನಷ್ಟೇ ಕೊಡುವ ಏರ್ಪಾಡನ್ನು ಜನ ಒಪ್ಪಲಿಲ್ಲ.

8. ಕೊನೆಯ ವರ್ಷಗಳು

1954ರಲ್ಲಿ ಭಾರತರತ್ನ ಗೌರವ ಪಡೆದ ರಾಜಾಜಿ 1959ರಲ್ಲಿ ಸ್ವತಂತ್ರ ಪಕ್ಷವನ್ನು ಕಟ್ಟಿದರು. ಪ್ರಭುತ್ವ ಜನರ ಆರ್ಥಿಕ ಬದುಕಿನಲ್ಲಿ ಕೈಹಾಕುವುದನ್ನು ವಿರೋಧಿಸುವುದು ಆ ಪಕ್ಷದ ಮುಖ್ಯ ನಿಲುವು. ಮದ್ಯದ ವಿಷಯದಲ್ಲಿ ಮಾತ್ರ ಪ್ರಭುತ್ವದ ಕೈ ಇರಲೇಬೇಕೆಂದು ಅವರು ಕೊನೆಯವರೆಗೂ ನಂಬಿದರು. ಮೈಸೂರು ರಾಜ್ಯ 1967ರಲ್ಲಿ ಪಾನನಿರೋಧವನ್ನು ಕೈಬಿಟ್ಟಿತು. 1971ರಲ್ಲಿ ತಮಿಳುನಾಡು ಸರಕಾರ ಅದೇ ಹೆಜ್ಜೆಯಿಡಲು ಹೊರಟಾಗ, 92ರ ಇಳಿವಯಸ್ಸಿನ ರಾಜಾಜಿ ಮುಖ್ಯಮಂತ್ರಿ ಎಂ. ಕರುಣಾನಿಧಿಯವರ ಮನೆಗೆ ತಾವೇ ಹೋಗಿ ಕಾಯಿದೆಯನ್ನು ಉಳಿಸಿಕೊಳ್ಳುವಂತೆ ಬೇಡಿಕೊಂಡರು. ಬೊಕ್ಕಸದ ಒತ್ತಡ ಆ ಬೇಡಿಕೆಗಿಂತ ದೊಡ್ಡದಾಗಿತ್ತು. ಆ ವರ್ಷದ ಆಗಸ್ಟ್ ಕೊನೆಯಲ್ಲಿ ಪಾನನಿರೋಧ ತೆರವಾಯಿತು. 1972ರ ಡಿಸೆಂಬರ್ 25ರಂದು ರಾಜಾಜಿ ಮದ್ರಾಸಿನಲ್ಲಿ ನಿಧನರಾದರು. 1974ರಲ್ಲಿ ಅದೇ ಸರಕಾರ ಪಾನನಿರೋಧವನ್ನು ಮರಳಿ ತಂದರೂ ಮುಂದೆ ಅದೂ ಉಳಿಯಲಿಲ್ಲ.

ರಾಜಾಜಿಯವರ ಪ್ರಯತ್ನದಲ್ಲಿ ಮೂರು ಎಳೆಗಳಿದ್ದವು. ಊರಿನ ನಡುವೆ ನಿಂತು ಮಾಡುವ ಕೆಲಸ ಮೊದಲನೆಯದು, ಕಾಯಿದೆ ಎರಡನೆಯದು, ಬದಲಿ ತೆರಿಗೆ ಮೂರನೆಯದು. ಮೂರೂ ಒಟ್ಟಿಗೆ ಇದ್ದ ಕಾಲ ಬಹಳ ಚಿಕ್ಕದು. ಸೇಲಂನಲ್ಲಿ ಕಳೆದ ಕೆಲವೇ ವರ್ಷಗಳು. ಅನಂತರ ತೆರಿಗೆ ಗಟ್ಟಿಯಾಗಿ ಬೇರೂರಿತು, ಕಾಯಿದೆ ಬಂದು ಬಂದು ಹೋಯಿತು, ಊರಿನ ಕೆಲಸ ಹಣವಿಲ್ಲದೆ ಸೊರಗಿತು. ಮೂರರಲ್ಲಿ ಅತಿ ಕಡಿಮೆ ಹಣ ಬೇಡುವಂಥದೂ, ಎಳೆಯರನ್ನು ನೇರವಾಗಿ ಮುಟ್ಟುವಂಥದೂ ಆ ಕೊನೆಯದೇ ಆಗಿತ್ತು.

ಕೊಪ್ಪಳ ಸೀಮೆಯ ಅನುಭವ ಈ ಗ್ರಹಿಕೆಯನ್ನು ಬಲಪಡಿಸುತ್ತದೆ. ಕುಷ್ಟಗಿಗೆ ನೆರೆಯ ಇಳಕಲ್ಲಿನಲ್ಲಿ ಚಿತ್ತರಗಿ ವಿಜಯಮಹಾಂತೇಶ ಮಠದ ಡಾ. ಮಹಾಂತ ಶಿವಯೋಗಿಗಳು 1975ರಲ್ಲಿ ಮಹಾಂತ ಜೋಳಿಗೆಯನ್ನು ಆರಂಭಿಸಿದರು. ಕಾಳು ಬೇಡುವ ಜೋಳಿಗೆಯನ್ನೊಡ್ಡಿ ಅವರು ಜನರ ದುಶ್ಚಟಗಳನ್ನು ಬೇಡಿದರು. ಆ ಜೋಳಿಗೆಗೆ ಜಿಲ್ಲೆಯ ಗಡಿಯಿರಲಿಲ್ಲ, ಅಬಕಾರಿಯ ಹಂಗೂ ಇರಲಿಲ್ಲ. 2018ರಲ್ಲಿ ಅವರು ಲಿಂಗೈಕ್ಯರಾದರು. ಅವರ ಹುಟ್ಟುದಿನವಾದ ಆಗಸ್ಟ್ 1ನ್ನು ಕರ್ನಾಟಕ ಸರಕಾರ ವ್ಯಸನಮುಕ್ತ ದಿನವಾಗಿ ಆಚರಿಸುತ್ತದೆ. 2019ರ ಜನವರಿಯಲ್ಲಿ ರಾಯಚೂರು ಮೊದಲಾದ ಜಿಲ್ಲೆಗಳ ಹಳ್ಳಿಯ ಹೆಂಗಸರು ಮದ್ಯ ನಿಷೇಧವನ್ನು ಒತ್ತಾಯಿಸಿ ಚಿತ್ರದುರ್ಗದಿಂದ ಬೆಂಗಳೂರಿಗೆ ಕಾಲ್ನಡಿಗೆಯಲ್ಲಿ ಬಂದರು. ಇನ್ನೊಂದೆಡೆ 2023-24ರಲ್ಲಿ ರಾಜ್ಯದ ಅಬಕಾರಿ ಆದಾಯ 30,000 ಕೋಟಿ ರೂಪಾಯಿಗಳನ್ನು ಮೀರಿತು. ಕುಡಿತ ತಡೆಯುವ ಅರಿವಿನ ಕೆಲಸಕ್ಕೆಂದು ಕರ್ನಾಟಕ ಮದ್ಯಪಾನ ಸಂಯಮ ಮಂಡಳಿ ಇದೆ. ಅದಕ್ಕೆ ದೊರೆಯುವ ಹಣ ಈ ಆದಾಯದ ಮುಂದೆ ಲೆಕ್ಕಕ್ಕೆ ನಿಲ್ಲುವಷ್ಟಿಲ್ಲ.

ಸಂವಿಧಾನದ 47ನೆಯ ವಿಧಿ ಪಾನನಿರೋಧವನ್ನು ಪ್ರಭುತ್ವದ ಕರ್ತವ್ಯಗಳಲ್ಲಿ ಸೇರಿಸಿದೆ. ಅದೇ ವಿಧಿಯಲ್ಲಿ ಪೌಷ್ಟಿಕತೆ ಮತ್ತು ಸಾರ್ವಜನಿಕ ಆರೋಗ್ಯಗಳೂ ಇವೆ. ಇವೆಲ್ಲವನ್ನೂ ಒಂದೇ ಬೊಕ್ಕಸದಿಂದ ನಡೆಸಬೇಕಾದ ಆಡಳಿತ ಹೆಂಡದ ಆದಾಯವನ್ನು ಬಿಡಲಾರದು, ಅದರ ಹಾನಿಯನ್ನು ಒಪ್ಪಿಕೊಳ್ಳಲೂ ಆರದು. 1939ರಲ್ಲಿ ರಾಜಾಜಿ ಹಾಕಿದ ಲೆಕ್ಕ ಈ ಇಕ್ಕಟ್ಟಿನಿಂದ ಹೊರಬರುವ ಪ್ರಾಮಾಣಿಕ ಯತ್ನವಾಗಿತ್ತು. ಆ ಲೆಕ್ಕದಲ್ಲಿ ಊರಿನ ಪಾಲನ್ನು ಬೇರೆಯಾಗಿ ಬರೆದಿಟ್ಟಿದ್ದರೆ ಅಂಗಡಿ ಮರಳಿ ತೆರೆದ ದಿನವೂ ಅದರ ಎದುರಿಗೆ ನಿಲ್ಲುವವರು ಉಳಿದಿರುತ್ತಿದ್ದರು. ಪುದುಪಾಳಯಂನ ಗುಡಿಸಿಲಿನಲ್ಲಿ ಅವರು ಮಾಡಿ ತೋರಿಸಿದ್ದು ಅದನ್ನೇ. ಮದ್ರಾಸಿನ ಕಚೇರಿಯಲ್ಲಿ ಅವರ ಕೈ ತಪ್ಪಿಹೋದದ್ದೂ ಅದೇ.